ಮೋಡದ ಕನ್ನಡಿಯಲ್ಲಿ ಕೃಷ್ಣವಿವರದ ಗತಕಾಲ

ಜುಲೈ-ಆಗಸ್ಟ್ ತಿಂಗಳಲ್ಲಿ ಮಳೆಮೋಡ ಸರಿದು ರಾತ್ರಿಯ ಆಕಾಶ ತಿಳಿಯಾದಾಗ ದಕ್ಷಿಣದತ್ತ ನೋಡಿ. ವೃಶ್ಚಿಕದ ಬಾಲದಲ್ಲಿರುವ ಮೂಲಾ ನಕ್ಷತ್ರಕ್ಕೂ ಅದರ ಪೂರ್ವಕ್ಕಿರುವ ಧನು ರಾಶಿಗೂ ನಡುವೆ ಆಕಾಶಗಂಗೆಯ ಹಾಲುಪಟ್ಟಿ ಬಹಳ ದಟ್ಟವಾಗಿ ಕಾಣುತ್ತದೆ. ನಮ್ಮ ಗೆಲಕ್ಸಿಯ ಕೇಂದ್ರವಿರುವುದು ಆ ದಿಕ್ಕಿನಲ್ಲಿ, ಸುಮಾರು 27,000 ಜ್ಯೋತಿರ್ವರ್ಷ ದೂರದಲ್ಲಿ. ಆದರೆ ಬರಿಗಣ್ಣಿಗಾಗಲೀ ಸಾಮಾನ್ಯ ದೂರದರ್ಶಕಕ್ಕಾಗಲೀ ಆ ಕೇಂದ್ರ ಕಾಣದು. ನಡುವೆ ಹರಡಿರುವ ದೂಳು ಬೆಳಕನ್ನು ತಡೆಯುತ್ತದೆ. ಅಲ್ಲಿಂದ ನಮ್ಮತ್ತ ಹೊರಟ ಲಕ್ಷ ಕೋಟಿ ದೃಗ್ಗೋಚರ ಫೋಟಾನುಗಳಲ್ಲಿ ನಮ್ಮನ್ನು ತಲಪುವುದು ಸರಿಸುಮಾರು ಒಂದೇ ಒಂದು. ರೇಡಿಯೊ ಅಲೆಗಳು, ಅವಕೆಂಪು ಕಿರಣಗಳು ಮತ್ತು ಶಕ್ತಿಯುತ ಎಕ್ಸ್-ಕಿರಣಗಳು ಮಾತ್ರ ಈ ದೂಳಿನ ಪರದೆಯನ್ನು ದಾಟಬಲ್ಲವು.

ಈ ಕಿರಣಗಳ ಮೂಲಕ ನಮಗೆ ತಿಳಿದಿರುವುದಿಷ್ಟು. ಕೇಂದ್ರದಲ್ಲಿ ಸ್ಯಾಜಿಟೇರಿಯಸ್ ಎ-ಸ್ಟಾರ್ ಎಂಬ ಆಕರವಿದೆ. ಅದನ್ನು ಬ್ರೂಸ್ ಬಾಲಿಕ್ ಮತ್ತು ರಾಬರ್ಟ್ ಬ್ರೌನ್ 1974ರಲ್ಲಿ ರೇಡಿಯೊ ದೂರದರ್ಶಕದಿಂದ ಪತ್ತೆ ಮಾಡಿದರು. ಅದರ ಸುತ್ತ ಗಿರಕಿ ಹೊಡೆಯುವ ನಕ್ಷತ್ರಗಳ ಕಕ್ಷೆಗಳನ್ನು ವರ್ಷಗಟ್ಟಲೆ ಅಳೆದು, ಅಲ್ಲಿರುವುದು ಸುಮಾರು 40 ಲಕ್ಷ ಸೂರ್ಯರಷ್ಟು ದ್ರವ್ಯರಾಶಿಯ ಅತ್ಯಂತ ಸಾಂದ್ರ ಕಾಯವೆಂದು ತೋರಿಸಿದ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಝ್ 2020ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. 2022ರಲ್ಲಿ ಅದರ ನೆರಳಿನ ಚಿತ್ರವೂ ಪ್ರಕಟವಾಯಿತು. ಅದೊಂದು ಬೃಹತ್ ಕೃಷ್ಣವಿವರ.

ವಿಚಿತ್ರವೆಂದರೆ ಈ ದೈತ್ಯ ಈಗ ಬಹುತೇಕ ನಿದ್ರಿಸುತ್ತಿದೆ. ಶಾಂತ ಸ್ಥಿತಿಯಲ್ಲಿ ಅದು ಎಕ್ಸ್-ಕಿರಣಗಳ ರೂಪದಲ್ಲಿ ಹೊರಸೂಸುವ ಶಕ್ತಿ ನಮ್ಮ ಒಬ್ಬ ಸೂರ್ಯ ಬೀರುವ ಒಟ್ಟು ಶಕ್ತಿಯ ಅರ್ಧದಷ್ಟು ಮಾತ್ರ. ಬೇರೆ ಗೆಲಕ್ಸಿಗಳಲ್ಲಿ ಇಂತಹ ಕೃಷ್ಣವಿವರಗಳು ಕೋಟ್ಯಂತರ ಸೂರ್ಯರಷ್ಟು ಪ್ರಜ್ವಲಿಸುವುದುಂಟು. ಹಾಗಾದರೆ ನಮ್ಮದು ಸದಾ ಹೀಗೆಯೇ ಮಂಕಾಗಿತ್ತೇ? ಅಥವಾ ಇತ್ತೀಚೆಗಷ್ಟೇ ಆರಿದೆಯೇ?

ಎಕ್ಸ್-ಕಿರಣಗಳನ್ನು ರಾಂಟ್‌ಜನ್ ಕಂಡುಹಿಡಿದದ್ದೇ 1895ರಲ್ಲಿ. ಭೂಮಿಯ ವಾಯುಮಂಡಲ ಅವನ್ನು ಹೀರಿಬಿಡುವುದರಿಂದ, ಸೌರವ್ಯೂಹದಾಚೆಯ ಮೊದಲ ಎಕ್ಸ್-ಕಿರಣ ಆಕರ ತಿಳಿದದ್ದು ರಾಕೆಟ್ ಹಾರಿಸಿದ ಮೇಲೆ, 1962ರಲ್ಲಿ. ಅದಕ್ಕೂ ಹಿಂದಿನ ಕಾಲದ ದಾಖಲೆಯನ್ನು ಎಲ್ಲಿ ಹುಡುಕುವುದು? ಕೃಷ್ಣವಿವರದ ನೆರೆಹೊರೆಯಲ್ಲಿರುವ ಅನಿಲ ಮೋಡಗಳಲ್ಲಿ ಅಂಥದೊಂದು ದಾಖಲೆ ಇದೆ. ಅದನ್ನು ಓದುವ ಸಾಧನ ಗಣಕ ಅನುಕರಣೆ, ಅಂದರೆ ಸಿಮ್ಯುಲೇಶನ್. ಈ ಓದುವಿಕೆ ಹೇಗೆ ನಡೆಯುತ್ತದೆ, ಎಲ್ಲಿ ತಪ್ಪಬಹುದು ಎಂಬುದನ್ನು ನೋಡೋಣ.

ತಡವಾಗಿ ಬಂದ ಬೆಳಕು

ಬೆಟ್ಟದೆದುರು ನಿಂತು ಕೂಗಿದರೆ ಮಾರ್ದನಿ ಸ್ವಲ್ಪ ತಡವಾಗಿ ಕೇಳಿಸುತ್ತದೆ. ಕೂಗು ನಿಂತ ಮೇಲೂ ಮಾರ್ದನಿ ಬರುತ್ತದೆ. ಬೆಳಕಿಗೂ ಹೀಗೆಯೇ. ಕೃಷ್ಣವಿವರ ಒಮ್ಮೆ ಭುಗಿಲೆದ್ದು ಆರಿತು ಎನ್ನಿ. ನೇರವಾಗಿ ನಮ್ಮತ್ತ ಹೊರಟ ಎಕ್ಸ್-ಕಿರಣಗಳು ಮೊದಲು ಭೂಮಿಯನ್ನು ದಾಟಿಹೋಗುತ್ತವೆ. ಪಕ್ಕಕ್ಕೆ ಹೊರಟವು ಯಾವುದೋ ಮೋಡವನ್ನು ತಾಗಿ, ಅಲ್ಲಿ ದಿಕ್ಕು ಬದಲಿಸಿ ನಮ್ಮತ್ತ ಬಂದರೆ, ಅವು ಕ್ರಮಿಸಿದ ಹಾದಿ ಹೆಚ್ಚು ಉದ್ದ. ಎಷ್ಟು ಜ್ಯೋತಿರ್ವರ್ಷ ಹೆಚ್ಚೋ ಅಷ್ಟು ವರ್ಷ ತಡ.

ಬೆಳಕಿನ ಇಂತಹ ಮಾರ್ದನಿ ಹೊಸತೇನಲ್ಲ. 1901ರಲ್ಲಿ ಪರ್ಸಿಯಸ್ ರಾಶಿಯಲ್ಲಿ ಸ್ಫೋಟಿಸಿದ ನೋವಾದ ಸುತ್ತ ಮಸುಕಾದ ಬೆಳಕಿನ ವಲಯವೊಂದು ಹಿಗ್ಗುತ್ತ ಹೋದದ್ದನ್ನು ಖಗೋಳಜ್ಞರು ಛಾಯಾಚಿತ್ರಗಳಲ್ಲಿ ಕಂಡಿದ್ದರು. ಹಿಗ್ಗಿದ್ದು ಅನಿಲವಲ್ಲ, ಮೊದಲೇ ಅಲ್ಲಿದ್ದ ದೂಳನ್ನು ಒಂದೊಂದಾಗಿ ಬೆಳಗುತ್ತ ಸಾಗಿದ ಬೆಳಕು.

ಗೆಲಕ್ಸಿಯ ಕೇಂದ್ರದಲ್ಲಿ ಇಂತಹ ಮಾರ್ದನಿಗೆ ತಕ್ಕ ಗೋಡೆಗಳು ಹೇರಳವಾಗಿವೆ. ಕೇಂದ್ರದ ಸುತ್ತಲಿನ ಕೆಲವು ನೂರು ಜ್ಯೋತಿರ್ವರ್ಷಗಳ ವಲಯದಲ್ಲಿ ತಣ್ಣನೆಯ ಹೈಡ್ರೊಜನ್ ಅಣುಗಳ ದೈತ್ಯ ಮೋಡಗಳಿವೆ. ಅವುಗಳಲ್ಲಿ ಸ್ಯಾಜಿಟೇರಿಯಸ್ ಬಿ2 ಪ್ರಸಿದ್ಧ. ಅದರ ದ್ರವ್ಯರಾಶಿಯೇ ಹತ್ತಾರು ಲಕ್ಷ ಸೂರ್ಯರಷ್ಟು. ಆಕಾಶದಲ್ಲಿ ಅಳೆದಾಗ ಕೃಷ್ಣವಿವರದಿಂದ ಅದರ ಅಂತರ 300 ಜ್ಯೋತಿರ್ವರ್ಷಕ್ಕೂ ಮಿಕ್ಕು.

1993ರಲ್ಲಿ ರಷ್ಯದ ರಶೀದ್ ಸುನ್ಯಾಯೆವ್ ಮತ್ತು ಸಂಗಡಿಗರು ಗ್ರನಾತ್ ಉಪಗ್ರಹದ ಮಾಪನಗಳನ್ನು ಮುಂದಿಟ್ಟುಕೊಂಡು ಒಂದು ವಿಚಾರ ಮಂಡಿಸಿದರು. ಕೇಂದ್ರದ ಆಸುಪಾಸಿನಿಂದ ಬರುತ್ತಿರುವ ಹರಡಿದ ಎಕ್ಸ್-ಕಿರಣದ ಒಂದು ಭಾಗ ಮೋಡಗಳು ಪ್ರತಿಫಲಿಸಿದ ಹಳೆಯ ಬೆಳಕಾಗಿರಬಹುದು. ಹಾಗಿದ್ದಲ್ಲಿ ಆ ಮೋಡಗಳಿಂದ ಕಬ್ಬಿಣದ ಒಂದು ನಿರ್ದಿಷ್ಟ ರೋಹಿತರೇಖೆಯೂ ಬರಬೇಕು, ಎಂದರು ಅವರು. ಜಪಾನಿನ ಆಸ್ಕಾ ಉಪಗ್ರಹ ಸ್ಯಾಜಿಟೇರಿಯಸ್ ಬಿ2 ಮೋಡದಿಂದ ಆ ರೇಖೆ ಬರುತ್ತಿರುವುದನ್ನು ಕಂಡಿತು. ಕತ್ಸುಜಿ ಕೊಯಾಮಾ ತಂಡ ಇದನ್ನು 1996ರಲ್ಲಿ ಪ್ರಕಟಿಸಿತು.

ಕಬ್ಬಿಣದ ಸಹಿ

ಮೋಡವೆಂದರೆ ಕನ್ನಡಿಯಂತೆ ನುಣುಪಾದ ಮೇಲ್ಮೈಯಲ್ಲ. ಎಕ್ಸ್-ಕಿರಣದ ಫೋಟಾನು ಮೋಡದೊಳಗೆ ನುಗ್ಗುತ್ತದೆ. ಒಳಗೆ ಅದಕ್ಕೆ ಮುಖ್ಯವಾಗಿ ಎರಡು ಗತಿಗಳುಂಟು.

ಒಂದು, ಹೀರಿಕೆ. ಫೋಟಾನು ಪರಮಾಣುವಿನ ಒಳಕವಚದ ಎಲೆಕ್ಟ್ರಾನನ್ನು ಹೊರಗಟ್ಟಿ ತಾನು ಇಲ್ಲವಾಗುತ್ತದೆ. ಇದೇ ದ್ಯುತಿವಿದ್ಯುತ್ ಪರಿಣಾಮ. ಇದರ ಸಂಭವನೀಯತೆ ಸ್ಥೂಲವಾಗಿ ಫೋಟಾನಿನ ಶಕ್ತಿಯ ಘನಕ್ಕೆ ವಿಲೋಮ ಅನುಪಾತದಲ್ಲಿದೆ. ಆದ್ದರಿಂದ ಕಡಿಮೆ ಶಕ್ತಿಯ ಫೋಟಾನುಗಳು ಮೋಡದಲ್ಲಿ ಬೇಗ ಕಳೆದುಹೋಗುತ್ತವೆ.

ಇನ್ನೊಂದು, ಚದರಿಕೆ. ಫೋಟಾನು ಎಲೆಕ್ಟ್ರಾನಿಗೆ ಢಿಕ್ಕಿ ಹೊಡೆದು ದಿಕ್ಕು ಬದಲಿಸುತ್ತದೆ. ಹಿಮ್ಮೆಟ್ಟುವ ಎಲೆಕ್ಟ್ರಾನಿಗೆ ಸ್ವಲ್ಪ ಶಕ್ತಿಯನ್ನು ಬಿಟ್ಟುಕೊಡುತ್ತದೆ. ಇದು ಕಾಂಪ್ಟನ್ ಪರಿಣಾಮ. ಎಕ್ಸ್-ಕಿರಣ ಫೋಟಾನಿನ ಶಕ್ತಿಯನ್ನು ಸಾವಿರ ಎಲೆಕ್ಟ್ರಾನ್ ವೋಲ್ಟುಗಳಲ್ಲಿ, ಅಂದರೆ ‘ಕೆಇವಿ’ ಮಾನದಲ್ಲಿ ಹೇಳುವುದು ರೂಢಿ. ಸುಮಾರು 10 ಕೆಇವಿಗಿಂತ ಕೆಳಗೆ ಹೀರಿಕೆಯದು ಮೇಲುಗೈ, ಅದಕ್ಕಿಂತ ಮೇಲೆ ಚದರಿಕೆಯದು.

ಇವೆರಡರ ನಡುವೆ ಕಬ್ಬಿಣಕ್ಕೆ ವಿಶೇಷ ಸ್ಥಾನವಿದೆ. ಮೋಡದಲ್ಲಿ ಲಕ್ಷ ಹೈಡ್ರೊಜನ್ ಪರಮಾಣುಗಳಿಗೆ ಕಬ್ಬಿಣದವು ಮೂರೋ ನಾಲ್ಕೋ. ಆದರೂ 7.1 ಕೆಇವಿಗಿಂತ ಹೆಚ್ಚು ಶಕ್ತಿಯ ಫೋಟಾನುಗಳನ್ನು ಹೀರುವುದರಲ್ಲಿ ಹತ್ತಿರಹತ್ತಿರ ಅರ್ಧ ಪಾಲು ಅದರದ್ದೇ. ಅಷ್ಟು ಶಕ್ತಿಯಿದ್ದರೆ ಮಾತ್ರ ಕಬ್ಬಿಣದ ತೀರ ಒಳಗಿನ ಕೆ-ಕವಚದ ಎಲೆಕ್ಟ್ರಾನನ್ನು ಕೀಳಬಹುದು. ಕಿತ್ತ ಜಾಗ ಖಾಲಿಯಾದಾಗ ಹೊರಕವಚದ ಎಲೆಕ್ಟ್ರಾನೊಂದು ಅಲ್ಲಿಗೆ ಇಳಿಯುತ್ತದೆ. ಹೀಗೆ ಇಳಿದಾಗ ನೂರರಲ್ಲಿ ಸುಮಾರು 34 ಬಾರಿ ಎಕ್ಸ್-ಕಿರಣ ಫೋಟಾನು ಹೊರಬೀಳುತ್ತದೆ. ಉಳಿದ ಬಾರಿ ಆ ಶಕ್ತಿ ಇನ್ನೊಂದು ಎಲೆಕ್ಟ್ರಾನನ್ನು ಹೊರದೂಡುವುದರಲ್ಲಿ ಮುಗಿಯುತ್ತದೆ. ಹೊರಬಿದ್ದ ಫೋಟಾನುಗಳಲ್ಲಿ ಬಹುಪಾಲಿನ ಶಕ್ತಿ 6.4 ಕೆಇವಿ. ಈ ಬಗೆಯ ಹೊರಸೂಸುವಿಕೆಗೆ ಪ್ರತಿದೀಪ್ತಿ ಎಂದು ಹೆಸರು.

6.4 ಎಂಬ ಅಂಕಿಯಲ್ಲಿಯೇ ಸುದ್ದಿಯಿದೆ. ಕೋಟಿಗಟ್ಟಲೆ ಡಿಗ್ರಿ ಕಾದ ಅನಿಲದಲ್ಲಿ ಕಬ್ಬಿಣ ತನ್ನ 26 ಎಲೆಕ್ಟ್ರಾನುಗಳಲ್ಲಿ 24ನ್ನು ಕಳೆದುಕೊಂಡು 6.7 ಕೆಇವಿಯ ರೇಖೆ ಬೀರುತ್ತದೆ. 6.4 ಬಂತೆಂದರೆ ಅದು ತಣ್ಣನೆಯ ಕಬ್ಬಿಣ. ತಣ್ಣನೆಯ ಮೋಡ ತಾನಾಗಿ ಎಕ್ಸ್-ಕಿರಣ ಬೀರಲಾರದು. ಹೊರಗಿನಿಂದ ಯಾರೋ ಅದನ್ನು ಕೆಣಕಿರಬೇಕು.

ಆ ‘ಯಾರೋ’ ಎಂಬುದರ ಬಗ್ಗೆಯೇ ವಿವಾದ. ಎಕ್ಸ್-ಕಿರಣವಲ್ಲದೆ, ವೇಗದ ಎಲೆಕ್ಟ್ರಾನು ಅಥವಾ ಪ್ರೋಟಾನು ಬಡಿದರೂ ಕಬ್ಬಿಣದ ಒಳಕವಚ ಖಾಲಿಯಾಗುತ್ತದೆ, 6.4 ರೇಖೆ ಹೊಮ್ಮುತ್ತದೆ. ಗೆಲಕ್ಸಿಯ ಕೇಂದ್ರದಲ್ಲಿ ವಿಶ್ವಕಿರಣಗಳ ಕಣಗಳಿಗೇನೂ ಬರವಿಲ್ಲ. ಮೊದಲ ವಿವರಣೆ ಸರಿಯಾದರೆ ನಮ್ಮ ಕೃಷ್ಣವಿವರ ಇತ್ತೀಚೆಗೆ ಎಚ್ಚೆತ್ತಿತ್ತು. ಎರಡನೆಯದು ಸರಿಯಾದರೆ ಆ ಇಡೀ ಇತಿಹಾಸವೇ ಇಲ್ಲ. ರೇಖೆಯನ್ನು ಕಂಡಷ್ಟಕ್ಕೆ ತೀರ್ಪು ಸಿಗುವುದಿಲ್ಲ. ಎರಡೂ ಸಂದರ್ಭಗಳಲ್ಲಿ ಏನೇನು ಕಾಣಬೇಕು ಎಂದು ಅಂಕಿಗಳಲ್ಲಿ ಹೇಳಬಲ್ಲವರು ಬೇಕು. ಅನುಕರಣೆಯ ಪಾತ್ರ ಇಲ್ಲಿ ಆರಂಭವಾಗುತ್ತದೆ.

ದಾಳ ಉರುಳಿಸುವ ಗಣಕ

ಒಂದು ಫೋಟಾನು ಮೋಡದಲ್ಲಿ ಎಷ್ಟು ದೂರ ಹೋಗುತ್ತದೆ, ಎಲ್ಲಿ ತಿರುಗುತ್ತದೆ ಎಂದು ಮೊದಲೇ ಹೇಳಲಾಗದು. ಹೇಳಬಹುದಾದದ್ದು ಸಂಭವನೀಯತೆಯನ್ನು ಮಾತ್ರ. ಮೋಡ ಒಂದೇ ಸಮನಾದ ಗೋಲವಾಗಿದ್ದು, ಫೋಟಾನು ಒಮ್ಮೆ ಮಾತ್ರ ಚದರಿದರೆ ಕಾಗದದ ಮೇಲೆಯೇ ಲೆಕ್ಕ ಮಾಡಬಹುದು. ಆದರೆ ನಿಜವಾದ ಮೋಡ ಗಂಟುಗಂಟಾಗಿರುತ್ತದೆ. ಫೋಟಾನು ಎರಡು ಮೂರು ಬಾರಿ ಚದರಬಹುದು. ಆಗ ಸಮೀಕರಣ ಬಿಡಿಸುವ ಬದಲು ಲಕ್ಷಾಂತರ ಫೋಟಾನುಗಳನ್ನು ಗಣಕದಲ್ಲಿ ಒಂದೊಂದಾಗಿ ಹಾರಿಬಿಟ್ಟು, ಅವು ಏನಾದವೆಂದು ಎಣಿಸುವುದು ಸುಲಭ. ಇದಕ್ಕೆ ಮಾಂಟೆ ಕಾರ್ಲೊ ವಿಧಾನವೆಂದು ಹೆಸರು. ಜೂಜುಕಟ್ಟೆಗೆ ಪ್ರಸಿದ್ಧವಾದ ಊರಿನ ಹೆಸರು ಅದು. 1940ರ ದಶಕದಲ್ಲಿ ಲಾಸ್ ಅಲಮೋಸ್‌ನಲ್ಲಿ ಸ್ಟಾನಿಸ್ಲಾ ಉಲಾಮ್, ಜಾನ್ ಫಾನ್ ನಾಯ್‌ಮನ್, ನಿಕೊಲಸ್ ಮೆಟ್ರೊಪೊಲಿಸ್ ಮೊದಲಾದವರು ಪರಮಾಣು ಬಾಂಬಿನಲ್ಲಿ ನ್ಯೂಟ್ರಾನುಗಳ ಓಡಾಟ ತಿಳಿಯಲು ಇದನ್ನು ರೂಪಿಸಿದರು.

ಉದಾಹರಣೆಗೆ ಒಂದು ಮೋಡವನ್ನು ಕಲ್ಪಿಸಿಕೊಳ್ಳಿ. ಅಡ್ಡಳತೆ 20 ಜ್ಯೋತಿರ್ವರ್ಷ, ಪ್ರತಿ ಘನ ಸೆಂಟಿಮೀಟರಿನಲ್ಲಿ 10,000 ಹೈಡ್ರೊಜನ್ ಅಣು. 8 ಕೆಇವಿ ಶಕ್ತಿಯ ಫೋಟಾನು ಇದರ ನಡುವಿನಿಂದ ಹಾದುಹೋಗಬೇಕು. ಯಾವುದಕ್ಕೂ ಢಿಕ್ಕಿಯಾಗದೆ ಅದು ಸಾಗುವ ಸರಾಸರಿ ದೂರ, ಅಂದರೆ ಸರಾಸರಿ ಮುಕ್ತಪಥ, ಇಲ್ಲಿ ಸ್ಥೂಲವಾಗಿ 20 ಜ್ಯೋತಿರ್ವರ್ಷವೇ ಆಗುತ್ತದೆ. ಗಣಕ ಹೀಗೆ ಕೆಲಸ ಮಾಡುತ್ತದೆ.

ಮೊದಲ ಹೆಜ್ಜೆ: 0 ಮತ್ತು 1ರ ನಡುವಿನ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಎತ್ತಿಕೊಳ್ಳುತ್ತದೆ. ಅದರ ಸ್ವಾಭಾವಿಕ ಲಾಗರಿತಮ್ ತೆಗೆದು, ಋಣ ಚಿಹ್ನೆ ಬಿಟ್ಟು, ಮುಕ್ತಪಥದಿಂದ ಗುಣಿಸುತ್ತದೆ. ಸಂಖ್ಯೆ 0.9 ಆದರೆ ಉತ್ತರ 2.1 ಜ್ಯೋತಿರ್ವರ್ಷ. ಫೋಟಾನು ಮೋಡದ ಅಂಚಿನಲ್ಲೇ ಢಿಕ್ಕಿಯಾಗುತ್ತದೆ. ಸಂಖ್ಯೆ 0.3 ಆದರೆ ಉತ್ತರ 24. ಅದು ಮೋಡ ದಾಟಿ ಹೋಯಿತು.

ಎರಡನೆಯ ಹೆಜ್ಜೆ: ಢಿಕ್ಕಿಯಾದರೆ ಹೀರಿಕೆಯೋ ಚದರಿಕೆಯೋ? ಈ ಶಕ್ತಿಯಲ್ಲಿ ಹೀರಿಕೆಯ ಪಾಲು ಸುಮಾರು ಮೂರರಲ್ಲಿ ಎರಡು. ಇನ್ನೊಂದು ಯಾದೃಚ್ಛಿಕ ಸಂಖ್ಯೆ ಇದನ್ನು ತೀರ್ಮಾನಿಸುತ್ತದೆ.

ಮೂರನೆಯ ಹೆಜ್ಜೆ: ಹೀರಿದ್ದು ಕಬ್ಬಿಣವೇ? ಹೌದಾದರೆ ಪ್ರತಿದೀಪ್ತಿ ಉಂಟೇ? ಉಂಟಾದರೆ 6.4 ಕೆಇವಿಯ ಹೊಸ ಫೋಟಾನು ಯಾವುದೋ ಒಂದು ದಿಕ್ಕಿನಲ್ಲಿ ಹೊರಡುತ್ತದೆ. ಎಲ್ಲ ದಿಕ್ಕುಗಳಿಗೂ ಸಮಾನ ಅವಕಾಶ. ಈ ಫೋಟಾನಿನ ಶಕ್ತಿ 7.1ಕ್ಕಿಂತ ಕಡಿಮೆಯಾದ್ದರಿಂದ ಇನ್ನೊಂದು ಕಬ್ಬಿಣದ ಕೆ-ಕವಚ ಅದನ್ನು ಹೀರಲಾರದು.

ನಾಲ್ಕನೆಯ ಹೆಜ್ಜೆ: ಚದರಿಕೆಯಾದರೆ ಎಷ್ಟು ಕೋನಕ್ಕೆ? ಹಿಂದಕ್ಕೂ ಮುಂದಕ್ಕೂ ಹೆಚ್ಚು, ಪಕ್ಕಕ್ಕೆ ಕಡಿಮೆ ಎಂಬುದು ನಿಯಮ. ಕೋನ ತಿಳಿದರೆ ಶಕ್ತಿಯಲ್ಲಾದ ನಷ್ಟವೂ ತಿಳಿಯುತ್ತದೆ. 6.4 ಕೆಇವಿಯ ಫೋಟಾನು ಪೂರ್ತಿ ಹಿಂದಿರುಗಿದರೆ ಅದರ ಶಕ್ತಿ 6.24ಕ್ಕೆ ಇಳಿಯುತ್ತದೆ. ಆದ್ದರಿಂದ ರೇಖೆಯ ಕಡಿಮೆ ಶಕ್ತಿಯ ಬದಿಯಲ್ಲಿ ಒಂದು ಚಿಕ್ಕ ‘ಭುಜ’ ಮೂಡುತ್ತದೆ.

ಹೊಸ ದಿಕ್ಕಿನಲ್ಲಿ ಹೊರಟ ಫೋಟಾನಿಗೆ ಮತ್ತೆ ಮೊದಲ ಹೆಜ್ಜೆ. ಅದು ಹೊರಬರುವವರೆಗೆ ಅಥವಾ ಹೀರಲ್ಪಡುವವರೆಗೆ ಈ ಚಕ್ರ ನಡೆಯುತ್ತದೆ. ಪ್ರತಿ ಫೋಟಾನಿಗೂ ಒಂದು ಗಡಿಯಾರ ಕಟ್ಟಿರುತ್ತಾರೆ. ಕ್ರಮಿಸಿದ ದೂರವನ್ನೆಲ್ಲ ಕೂಡಿಸುತ್ತ ಹೋದರೆ ಅದು ಎಷ್ಟು ತಡವಾಗಿ ನಮಗೆ ಸಿಗುತ್ತದೆಂದು ತಿಳಿಯುತ್ತದೆ. ಕೊನೆಗೆ ಶಕ್ತಿ, ದಿಕ್ಕು, ಕಾಲ ಈ ಮೂರರ ಪ್ರಕಾರ ವಿಂಗಡಿಸಿದರೆ, ದೂರದರ್ಶಕ ಕಾಣಬೇಕಾದ ರೋಹಿತ ಸಿದ್ಧ.

ಇಲ್ಲೊಂದು ತೊಡಕಿದೆ. ಹೊರಬಂದ ಫೋಟಾನುಗಳಲ್ಲಿ ಭೂಮಿಯತ್ತ ಬರುವುದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಪ್ರತಿ ಢಿಕ್ಕಿಯಲ್ಲೂ ‘ಇದು ನಮ್ಮತ್ತ ತಿರುಗುವ ಸಂಭವವೆಷ್ಟು, ತಿರುಗಿದರೆ ಮೋಡ ದಾಟುವ ಸಂಭವವೆಷ್ಟು’ ಎಂದು ಲೆಕ್ಕಹಾಕಿ, ಅಷ್ಟು ಭಾಗವನ್ನು ನಮ್ಮ ಖಾತೆಗೆ ಜಮೆ ಮಾಡುತ್ತಾರೆ. ಫೋಟಾನು ಮಾತ್ರ ತನ್ನ ಹಾದಿ ಹಿಡಿದು ಸಾಗುತ್ತದೆ. ಹೀಗೆ ಒಂದೊಂದು ಫೋಟಾನಿನಿಂದಲೂ ಸ್ವಲ್ಪ ಮಾಹಿತಿ ದಕ್ಕುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

ಇದಕ್ಕೆ ಗಣಕವೇ ಬೇಕೆಂದಿಲ್ಲ. ಒಂದು ಪಗಡೆ ದಾಳ, ಒಂದು ನಾಣ್ಯ ಸಾಕು. ಕಾಗದದ ಮೇಲೆ ಸಾಲಾಗಿ ಆರು ಮನೆ ಬರೆಯಿರಿ. ಇದು ಮೋಡ. ಫೋಟಾನು ಎಡಗಡೆಯ ಮನೆಯಿಂದ ಹೊರಡುತ್ತದೆ. ಪ್ರತಿ ಮನೆಯಲ್ಲೂ ಆರು ಮುಖದ ದಾಳ ಎಸೆಯಿರಿ. ಒಂದು ಬಿದ್ದರೆ ಢಿಕ್ಕಿ, ಬೇರೆ ಏನು ಬಿದ್ದರೂ ಮುಂದಿನ ಮನೆಗೆ ನಡೆಯಲಿ. ಢಿಕ್ಕಿಯಾದರೆ ಇನ್ನೊಮ್ಮೆ ಎಸೆಯಿರಿ. 1ರಿಂದ 4 ಬಿದ್ದರೆ ಹೀರಿಕೆ, 5 ಅಥವಾ 6 ಬಿದ್ದರೆ ಚದರಿಕೆ. ಹೀರಿಕೆಯಾದರೆ ನಾಣ್ಯ ಚಿಮ್ಮಿ. ರಾಜಮುಖ ಬಿದ್ದರೆ ಹೀರಿದ್ದು ಕಬ್ಬಿಣ. ಆಗ ಮತ್ತೆ ದಾಳ. 1 ಅಥವಾ 2 ಬಿದ್ದರೆ 6.4 ಕೆಇವಿ ಫೋಟಾನು ಹುಟ್ಟಿತು.

ನೂರು ಫೋಟಾನುಗಳನ್ನು ಹಂಚಿಕೊಂಡು ತರಗತಿಯವರೆಲ್ಲ ಆಡಿರಿ. ಸುಮಾರು 33 ಏನೂ ಆಗದೆ ದಾಟಿಯಾವು, 22 ಚದರಿಯಾವು, 45 ಹೀರಲ್ಪಟ್ಟಾವು, 7ರಷ್ಟು ಪ್ರತಿದೀಪ್ತಿ ಫೋಟಾನು ಹುಟ್ಟಿಯಾವು. ಮೇಲೆ ಹೇಳಿದ ಮೋಡಕ್ಕೂ ಅಂಕಿಗಳು ಬಹುಮಟ್ಟಿಗೆ ಇವೇ. ಎರಡನೆಯ ಬಾರಿ ಆಡಿದರೆ 33ರ ಬದಲು 29 ಅಥವಾ 38 ಬಂದೀತು. ಇದು ತಪ್ಪಲ್ಲ. ಎಣಿಕೆಯ ಏರುಪೇರು ಫೋಟಾನುಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ನಡೆಯುತ್ತದೆ. ಏರುಪೇರಿನ ಪ್ರಮಾಣವನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಫೋಟಾನು ಬೇಕು. ಗಣಕ ಲಕ್ಷಾಂತರ ಫೋಟಾನುಗಳನ್ನು ಹಾರಿಸುವುದು ಈ ಕಾರಣಕ್ಕಾಗಿಯೇ.

ಕಣಗಳೋ ಕಿರಣಗಳೋ?

ಅನುಕರಣೆಗಳು ಎರಡು ವಿವರಣೆಗಳ ನಡುವಿನ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸಿದವು. ಎಕ್ಸ್-ಕಿರಣ ಬಿದ್ದು ಪ್ರತಿಫಲನವಾದರೆ ಹಿನ್ನೆಲೆಯ ನಿರಂತರ ರೋಹಿತಕ್ಕೆ ಹೋಲಿಸಿದಾಗ ಕಬ್ಬಿಣದ ರೇಖೆ ಬಹಳ ಪ್ರಬಲವಾಗಿರುತ್ತದೆ. ಎಲೆಕ್ಟ್ರಾನುಗಳು ಬಡಿದರೆ, ಅವೇ ಹಿನ್ನೆಲೆಯ ಎಕ್ಸ್-ಕಿರಣಗಳನ್ನೂ ಹೆಚ್ಚಾಗಿ ಹುಟ್ಟಿಸುವುದರಿಂದ, ರೇಖೆ ಅದಕ್ಕಿಂತ ಹಲವು ಪಟ್ಟು ದುರ್ಬಲ. ಮಾಪನಗಳು ಪ್ರಬಲ ರೇಖೆಯ ಕಡೆಗೇ ವಾಲಿದವು. ಆದರೆ ಕಬ್ಬಿಣದ ಪ್ರಮಾಣ ಸ್ಥಳದಿಂದ ಸ್ಥಳಕ್ಕೆ ಬೇರೆಯಿದ್ದರೆ ಲೆಕ್ಕ ಜಾರುತ್ತದೆ. ಹಾಗಾಗಿ ಇದೊಂದೇ ಸಾಕ್ಷ್ಯ ಸಾಲದು.

ನಿರ್ಣಾಯಕವಾದದ್ದು ಕಾಲ. ಪ್ರೋಟಾನುಗಳು ಬಡಿಯುತ್ತಿದ್ದರೆ ಹತ್ತಾರು ಜ್ಯೋತಿರ್ವರ್ಷ ಅಗಲದ ಮೋಡ ಹತ್ತು ವರ್ಷದೊಳಗೆ ಮಂಕಾಗಲು ಸಾಧ್ಯವಿಲ್ಲ. ಬೆಳಕು ಹಾದುಹೋಗುತ್ತಿದ್ದರೆ ಸಾಧ್ಯ. 2000ದ ನಂತರದ ದಶಕದಲ್ಲಿ ಸ್ಯಾಜಿಟೇರಿಯಸ್ ಬಿ2 ಕಣ್ಣೆದುರೇ ಮಂಕಾಗುತ್ತ ಹೋದದ್ದನ್ನು ಹಲವು ಉಪಗ್ರಹಗಳು ದಾಖಲಿಸಿದವು. ಕೃಷ್ಣವಿವರಕ್ಕೆ ಇನ್ನೂ ಹತ್ತಿರವಿರುವ ಮೋಡಗಳ ಗುಂಪಿನಲ್ಲಿ ಇದಕ್ಕೂ ಸ್ವಾರಸ್ಯದ ಸಂಗತಿ ಕಂಡಿತು. ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕದ ಮಾಪನಗಳನ್ನಾಧರಿಸಿ 2010ರಲ್ಲಿ ಗೇಬ್ರಿಯೆಲೆ ಪೊಂಟಿ ಮತ್ತು ಸಂಗಡಿಗರು ತೋರಿಸಿದಂತೆ, ಅಲ್ಲಿ ಬೆಳಗಿದ ಪ್ರದೇಶ ಬೆಳಕಿನ ವೇಗವನ್ನೂ ಮೀರಿ ಸರಿಯುವಂತೆ ಕಾಣುತ್ತಿತ್ತು.

ಇದರಿಂದ ಸಾಪೇಕ್ಷತಾವಾದಕ್ಕೆ ಭಂಗ ಬಂತೆಂದು ತಿಳಿಯಬೇಕಿಲ್ಲ. ಕತ್ತಲಲ್ಲಿ ದೂರದ ಗೋಡೆಯ ಮೇಲೆ ಟಾರ್ಚಿನ ಬೆಳಕನ್ನು ಥಟ್ಟನೆ ಹೊರಳಿಸಿದಾಗ ಬೆಳಕಿನ ಚುಕ್ಕೆ ಗೋಡೆಯ ಮೇಲೆ ಎಷ್ಟು ವೇಗವಾಗಿಯಾದರೂ ಓಡಬಹುದು. ಅಲ್ಲಿ ಯಾವ ವಸ್ತುವೂ ಓಡುತ್ತಿಲ್ಲ. ಒಂದೊಂದು ತಾಣವೂ ಬೇರೆ ಬೇರೆ ಫೋಟಾನುಗಳಿಂದ ಬೆಳಗುತ್ತಿದೆ, ಅಷ್ಟೆ. ಆದರೆ ಕಣಗಳ ವಿವರಣೆಗೆ ಮಾತ್ರ ಇದು ದೊಡ್ಡ ಪೆಟ್ಟು. ಕಣಗಳು ನಿಜವಾಗಿಯೂ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಬೇಕು. ಬೆಳಕನ್ನು ಮೀರಿ ಅವು ಸಾಗಲಾರವು.

ಒಂದು ಉತ್ತರ, ಎರಡು ಇತಿಹಾಸ

ಪ್ರತಿಫಲನವೇ ಎಂದು ಒಪ್ಪಿದರೂ ಮುಖ್ಯ ಪ್ರಶ್ನೆ ಉಳಿಯುತ್ತದೆ. ಭುಗಿಲೆದ್ದದ್ದು ಯಾವಾಗ? ಎಷ್ಟು ಪ್ರಖರವಾಗಿ? ಇಲ್ಲಿ ಅನುಕರಣೆಯ ಒಂದು ದೌರ್ಬಲ್ಯ ಎದುರಾಗುತ್ತದೆ. ಆಕಾಶದಲ್ಲಿ ಮೋಡ ಎಷ್ಟು ಪಕ್ಕಕ್ಕಿದೆ ಎಂದು ಅಳೆಯಬಹುದು. ಕೃಷ್ಣವಿವರಕ್ಕಿಂತ ನಮಗೆ ಹತ್ತಿರದಲ್ಲಿದೆಯೋ ಆಚೆಗಿದೆಯೋ, ಎಷ್ಟು ಆಚೆಗೆ ಎಂದು ನೇರವಾಗಿ ತಿಳಿಯದು. ಮೋಡ ದೂರವಿದ್ದು ಆಕರ ಹೆಚ್ಚು ಪ್ರಖರವಾಗಿದ್ದರೂ, ಮೋಡ ಹತ್ತಿರವಿದ್ದು ಆಕರ ಕಡಿಮೆ ಪ್ರಖರವಾಗಿದ್ದರೂ ನಮಗೆ ಕಾಣುವ ರೋಹಿತ ಬಹುಮಟ್ಟಿಗೆ ಒಂದೇ. ಗಣಕ ಎರಡಕ್ಕೂ ‘ಸರಿ’ ಎನ್ನುತ್ತದೆ. ಲೆಕ್ಕ ಮಾಪನಕ್ಕೆ ಹೊಂದಿತು ಎಂದ ಮಾತ್ರಕ್ಕೆ ಊಹೆ ನಿಜವಾಗುವುದಿಲ್ಲ. ಅನುಕರಣೆ ಕಲಿಯುವ ಪ್ರತಿ ವಿದ್ಯಾರ್ಥಿಯೂ ನೆನಪಿಡಬೇಕಾದ ಪಾಠ ಇದು.

ಈ ಗಂಟನ್ನು ಬಿಡಿಸಲು ಬೆಳಕಿನ ಇನ್ನೊಂದು ಗುಣ ನೆರವಾಗುತ್ತದೆ. ಅದೇ ಧ್ರುವೀಕರಣ. ಬೆಳಗ್ಗೆ ಸೂರ್ಯ ಪೂರ್ವದಲ್ಲಿರುವಾಗ ನೆತ್ತಿಯ ಮೇಲಿನ ನೀಲಿ ಆಕಾಶವನ್ನು ಪೋಲರಾಯ್ಡ್ ಹಾಳೆಯ ಮೂಲಕ ನೋಡಿ, ಹಾಳೆಯನ್ನು ತಿರುಗಿಸಿ. ಆಕಾಶ ಒಮ್ಮೆ ಕಪ್ಪಾಗಿ, ಒಮ್ಮೆ ಬೆಳ್ಳಗೆ ಕಾಣುತ್ತದೆ. ಲಂಬಕೋನಕ್ಕೆ ಚದರಿದ ಬೆಳಕು ಬಹುಪಾಲು ಧ್ರುವೀಕೃತ. ಸೂರ್ಯನಿಗೆ ಹತ್ತಿರದ ಆಕಾಶದಲ್ಲಿ ಇದು ಕಡಿಮೆ. ಎಲೆಕ್ಟ್ರಾನಿನಿಂದ ಚದರಿದ ಎಕ್ಸ್-ಕಿರಣಕ್ಕೂ ಇದೇ ನಿಯಮ. ಚದರಿದ ಕೋನದ ಕೊಸೈನ್ ತೆಗೆದುಕೊಂಡು ಅದರ ವರ್ಗ ಮಾಡಿ. ಒಂದರಿಂದ ಆ ವರ್ಗವನ್ನು ಕಳೆದು ಬಂದದ್ದನ್ನು, ಒಂದಕ್ಕೆ ಅದೇ ವರ್ಗವನ್ನು ಕೂಡಿಸಿ ಬಂದದ್ದರಿಂದ ಭಾಗಿಸಿದರೆ ಸಿಗುವುದೇ ಧ್ರುವೀಕರಣದ ಪ್ರಮಾಣ. ಇಂತಹ ಚದರಿಕೆಯ ಗಣಿತವನ್ನು ಪೂರ್ಣವಾಗಿ ಕಟ್ಟಿಕೊಟ್ಟವರಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಪ್ರಮುಖರು. 1999ರಲ್ಲಿ ಉಡಾಯಿಸಿದ ಎಕ್ಸ್-ಕಿರಣ ದೂರದರ್ಶಕ ಚಂದ್ರಾಕ್ಕೆ ಅವರದೇ ಹೆಸರು.

ಧ್ರುವೀಕರಣದಿಂದ ಎರಡು ಲಾಭ. ಅದರ ದಿಕ್ಕು, ಮೋಡವನ್ನೂ ಆಕರವನ್ನೂ ಜೋಡಿಸುವ ಗೆರೆಗೆ ಲಂಬವಾಗಿರುತ್ತದೆ. ಅಂದರೆ ಬೆಳಕು ಎಲ್ಲಿಂದ ಬಂತೆಂದು ಬೊಟ್ಟುಮಾಡಿ ತೋರಿಸುತ್ತದೆ. ಅದರ ಪ್ರಮಾಣ ಚದರಿದ ಕೋನವನ್ನು ಹೇಳುತ್ತದೆ. ಕೋನ ತಿಳಿದರೆ ಮೋಡದ ನಿಜಸ್ಥಾನ, ಆ ಮೂಲಕ ತಡವಾದ ಕಾಲ ಎರಡೂ ಸಿಗುತ್ತವೆ. ಪ್ರತಿದೀಪ್ತಿಯ 6.4 ರೇಖೆ ಧ್ರುವೀಕೃತವಲ್ಲವಾದ್ದರಿಂದ ಅದನ್ನೂ ಸುತ್ತಲಿನ ಬಿಸಿ ಅನಿಲದ ಬೆಳಕನ್ನೂ ಲೆಕ್ಕದಲ್ಲಿ ಬೇರ್ಪಡಿಸಬೇಕು.

2021ರ ಡಿಸೆಂಬರಿನಲ್ಲಿ ಉಡಾಯಿಸಿದ ಐಎಕ್ಸ್‌ಪಿಇ ಉಪಗ್ರಹ 2022ರಲ್ಲಿ ಕೃಷ್ಣವಿವರದ ಸಮೀಪದ ಮೋಡಗಳತ್ತ ತಿರುಗಿತು. ಫ್ರೆಡೆರಿಕ್ ಮಾರಿನ್ ಮತ್ತು ಸಂಗಡಿಗರು 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರತಿಫಲಿತ ಬೆಳಕಿನ ಧ್ರುವೀಕರಣ ಶೇ. 31, ಅದರಲ್ಲಿ ಶೇ. 11ರಷ್ಟು ಆಚೀಚೆ ಆಗಬಹುದು. ದಿಕ್ಕು ಸ್ಯಾಜಿಟೇರಿಯಸ್ ಎ-ಸ್ಟಾರ್‌ಗೆ ಹೊಂದುತ್ತಿತ್ತು. ಕಾಲ ಸುಮಾರು 200 ವರ್ಷ ಹಿಂದೆ.

ಈ 200ನ್ನು ನಾವೂ ಪಡೆಯಬಹುದು. ಮೋಡ ಕೃಷ್ಣವಿವರದಿಂದ ಪಕ್ಕಕ್ಕೆ 80 ಜ್ಯೋತಿರ್ವರ್ಷ ಇದೆಯೆಂದಿಟ್ಟುಕೊಳ್ಳೋಣ. ಶೇ. 31ಕ್ಕೆ ಹೊಂದುವ ಕೋನಗಳು ಎರಡು: 44 ಡಿಗ್ರಿ ಮತ್ತು 136 ಡಿಗ್ರಿ. ಎರಡರಲ್ಲೂ ಕೃಷ್ಣವಿವರದಿಂದ ಮೋಡಕ್ಕಿರುವ ನಿಜವಾದ ದೂರ 116 ಜ್ಯೋತಿರ್ವರ್ಷ. ಮೊದಲನೆಯದರಲ್ಲಿ ಮೋಡ ನಮ್ಮತ್ತ 84 ಜ್ಯೋತಿರ್ವರ್ಷ ಮುಂದಿದೆ. ಆಗ ತಡ 116ರಲ್ಲಿ 84 ಕಳೆದು 32 ವರ್ಷ. ಎರಡನೆಯದರಲ್ಲಿ ಮೋಡ ಅಷ್ಟೇ ಹಿಂದಿದೆ. ತಡ 116 ಮತ್ತು 84 ಕೂಡಿ 200 ವರ್ಷ. ಯಾವುದು ಸರಿ? 32 ವರ್ಷವಾದರೆ ಭುಗಿಲಿನ ನೇರ ಬೆಳಕು 1990ರ ಸುಮಾರಿಗೆ ಭೂಮಿಗೆ ಬಂದಿರಬೇಕು. ಆಗ ಗ್ರನಾತ್ ಉಪಗ್ರಹ ಅದೇ ದಿಕ್ಕನ್ನು ನೋಡುತ್ತಿತ್ತು. ಅಂಥದ್ದೇನೂ ಅದಕ್ಕೆ ಕಾಣಲಿಲ್ಲ. ಉಳಿಯುವುದು 200.

ಆದರೂ ಕಥೆ ಇಲ್ಲಿಗೆ ಮುಗಿದಿಲ್ಲ. ಯೂಜೀನ್ ಚುರಾಜೊವ್ ಮತ್ತು ಸಂಗಡಿಗರು ಅದೇ ಪ್ರದೇಶದ ಹೊಳಪಿನ ಏರಿಳಿತವನ್ನು ವಿಶ್ಲೇಷಿಸಿ, ಭುಗಿಲು ಸುಮಾರು 110 ವರ್ಷ ಹಿಂದಿನದು, ಒಂದೂವರೆ ವರ್ಷಕ್ಕಿಂತ ಹೆಚ್ಚು ಬಾಳಿರಲಾರದು ಎಂದು 2017ರಲ್ಲಿ ಹೇಳಿದ್ದರು. ನಮ್ಮದೇ ಉದಾಹರಣೆಯಲ್ಲಿ 110 ವರ್ಷ ಇಟ್ಟು ನೋಡಿದರೆ ಧ್ರುವೀಕರಣ ಶೇ. 80ರ ಆಸುಪಾಸು ಇರಬೇಕಾಗುತ್ತದೆ. ಶೇ. 31ಕ್ಕೂ ಇದಕ್ಕೂ ಬಹಳ ಅಂತರ. ಒಂದಕ್ಕಿಂತ ಹೆಚ್ಚು ಭುಗಿಲುಗಳು ಬೇರೆ ಬೇರೆ ಮೋಡಗಳಿಂದ ಒಟ್ಟಿಗೇ ಪ್ರತಿಫಲಿಸುತ್ತಿರಬಹುದು ಎಂಬ ಸಾಧ್ಯತೆಯೂ ಇದೆ. ಒಂದೊಂದು ಮೋಡವನ್ನೂ ಪ್ರತ್ಯೇಕವಾಗಿ ಅಳೆದ ಹೊರತು ಇದು ತೀರದು.

ಐದು ಚಂದ್ರರಷ್ಟು ಆಹಾರ

ಪ್ರಖರತೆಯ ಅಂದಾಜುಗಳ ಪ್ರಕಾರ ಭುಗಿಲಿನ ಸಮಯದಲ್ಲಿ ಕೃಷ್ಣವಿವರ ಈಗಿನದಕ್ಕಿಂತ ಲಕ್ಷಗಟ್ಟಲೆ ಪಟ್ಟು ಬೆಳಗಿರಬೇಕು. ಐದು ಲಕ್ಷ ಪಟ್ಟು ಎಂದಿಟ್ಟುಕೊಂಡು ಲೆಕ್ಕ ಮಾಡೋಣ. ಆಗ ಎಕ್ಸ್-ಕಿರಣದ ಹೊಳಪು 1ರ ಮುಂದೆ 32 ಸೊನ್ನೆಗಳಷ್ಟು ವಾಟ್. ಅದು ಒಂದು ವರ್ಷ ಬಾಳಿತೆನ್ನಿ. ಒಳಬಿದ್ದ ವಸ್ತುವಿನ ದ್ರವ್ಯರಾಶಿಯ ಹತ್ತನೆಯ ಒಂದು ಪಾಲು ಐನ್‌ಸ್ಟೈನರ ಸೂತ್ರದಂತೆ ಬೆಳಕಾಯಿತೆನ್ನಿ. ಹಾಗಾದರೆ ಬಿದ್ದ ವಸ್ತು ಸುಮಾರು ಐದು ಚಂದ್ರರಷ್ಟು. ಇಡೀ ನಕ್ಷತ್ರವನ್ನು ನುಂಗಬೇಕಾಗಿರಲಿಲ್ಲ. ಸಣ್ಣದೊಂದು ಗ್ರಹವೋ ಅನಿಲದ ತುಣುಕೋ ಸಾಕಾಗಿತ್ತು.

ಈ ಅಧ್ಯಯನದಲ್ಲಿ ಮುಂದಿನ ಹೆಜ್ಜೆಗೆ ಉಪಕರಣಗಳು ಬಂದಿವೆ. ಜಪಾನಿನ ನೇತೃತ್ವದಲ್ಲಿ 2023ರಲ್ಲಿ ಉಡಾವಣೆಯಾದ ಕ್ರಿಸಂ ಉಪಗ್ರಹದ ರೋಹಿತಮಾಪಕ, 6.4 ರೇಖೆಯ ‘ಭುಜ’ವನ್ನು ಬಿಡಿಸಿ ನೋಡುವಷ್ಟು ಸೂಕ್ಷ್ಮ. ಭುಜದ ಆಕಾರ ಚದರಿದ ಕೋನವನ್ನು ಅವಲಂಬಿಸುವುದರಿಂದ ಧ್ರುವೀಕರಣದ ಉತ್ತರವನ್ನು ಇದರಿಂದ ಒರೆಗೆ ಹಚ್ಚಬಹುದು. ಭಾರತವೂ 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅದರ ಮುಖ್ಯ ಉಪಕರಣ ಪೋಲಿಕ್ಸ್ ರೂಪುಗೊಂಡದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಅದನ್ನು ಮಂಕಾದ ಮೋಡಗಳಿಗಾಗಿ ಅಲ್ಲ, ಪ್ರಖರ ಆಕರಗಳಿಗಾಗಿ ರಚಿಸಲಾಗಿದೆ. ಆದರೆ ಅದು ಕೆಲಸ ಮಾಡುವ ತತ್ತ್ವ ಈ ಲೇಖನದ ಓದುಗರಿಗೆ ಹೊಸದಲ್ಲ. ನಡುವೆ ಇಟ್ಟ ಬೆರಿಲಿಯಮ್ ಬಿಲ್ಲೆ ಎಕ್ಸ್-ಕಿರಣವನ್ನು ಚದರಿಸುತ್ತದೆ, ಸುತ್ತಲಿನ ಶೋಧಕಗಳು ಯಾವ ಬದಿಗೆ ಹೆಚ್ಚು ಫೋಟಾನು ಬಂತೆಂದು ಎಣಿಸುತ್ತವೆ. ಗೆಲಕ್ಸಿಯ ನಡುವೆ ಮೋಡ ಮಾಡುವ ಕೆಲಸವನ್ನು ಇಲ್ಲಿ ಅಂಗೈಯಗಲದ ಲೋಹ ಮಾಡುತ್ತದೆ.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಆ ಭುಗಿಲಿನ ನೇರ ಬೆಳಕು ಭೂಮಿಯನ್ನು ದಾಟಿಹೋದಾಗ ಅದನ್ನು ನೋಡಬಲ್ಲ ಕಣ್ಣು ಇಲ್ಲಿರಲಿಲ್ಲ. ಮೋಡಗಳು ಅದನ್ನು ನಮಗೆ ಇನ್ನೊಮ್ಮೆ ಕಳುಹಿಸುತ್ತಿವೆ. ಸ್ಯಾಜಿಟೇರಿಯಸ್ ಬಿ2 ಈಗಾಗಲೇ ಬಹಳ ಮಂಕಾಗಿದೆ. ಬೆಳಕಿನ ಅಲೆ ಇನ್ನೂ ತಾಗದ ಮೋಡಗಳು ಮುಂದಿವೆ. ಯಾವುದು ಯಾವ ವರ್ಷ ಬೆಳಗಬೇಕೆಂದು ಅನುಕರಣೆ ಮೊದಲೇ ಹೇಳಿ, ಆ ವರ್ಷ ಅದು ಬೆಳಗಿದರೆ, ನಮ್ಮ ಲೆಕ್ಕಕ್ಕೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಬೇಕಿಲ್ಲ.